ಅಣ್ಣನ ಮುಖವನ್ನು ಬೆಳ್ಳಗೆ ಮಾಡುವ ಕೆಲಸ

ಮಾನ್ಯ ಸಂಪಾದಕರೇ,

ರಸ್ತೆಬದಿಯ ಫ್ಲೆಕ್ಸ್‌ಗಳ ಹಾವಳಿಯನ್ನು ಕುರಿತು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಕೆಲವು ವಾರಗಳಿಂದ ಪತ್ರಗಳು ಪ್ರಕಟವಾಗುತ್ತಿವೆ. ತಿರುವಿನಲ್ಲಿ ಎದುರಿನ ವಾಹನ ಕಾಣುವುದಿಲ್ಲ, ಗಾಳಿಗೆ ಹರಿದು ವಿದ್ಯುತ್ ತಂತಿಗೆ ಸಿಕ್ಕಿಕೊಳ್ಳುತ್ತದೆ, ಊರಿನ ಅಂದ ಕೆಡುತ್ತದೆ ಎಂಬ ದೂರುಗಳೆಲ್ಲವೂ ನ್ಯಾಯವಾದವೇ. ಆದರೆ ಬರೆದವರೆಲ್ಲರೂ ಫ್ಲೆಕ್ಸನ್ನು ರಸ್ತೆಯಲ್ಲಿ ನಿಂತು ನೋಡಿದವರು. ನಾನು ಅದನ್ನು ಅಚ್ಚಾಗುವ ಮೊದಲೇ ಕಂಪ್ಯೂಟರಿನ ಪರದೆಯ ಮೇಲೆ ನೋಡುವವನು. ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿರುವ ನಾನು ಓದಿನ ಖರ್ಚಿಗೆಂದು ಶನಿವಾರ ಸಂಜೆ ಮತ್ತು ಭಾನುವಾರಗಳಂದು ರೈಲು ಹಿಡಿದು ಮಂಡ್ಯಕ್ಕೆ ಹೋಗಿ, ಅಲ್ಲಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಕೆಲಸ ಮಾಡುತ್ತೇನೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸ್ ಮತ್ತು ಬ್ಯಾನರ್‌ಗಳನ್ನೂ ನಿಷೇಧಿಸಿದೆ. ಆದರೂ ನಮ್ಮ ಅಂಗಡಿಯ ಯಂತ್ರ ನಿಂತಿಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಫ್ಲೆಕ್ಸ್ ಎಲ್ಲಿ ನಿಲ್ಲಬೇಕೆಂಬ ಚರ್ಚೆಯನ್ನು ಹಿರಿಯರಿಗೆ ಬಿಟ್ಟು, ಅದರೊಳಗಿನ ಮುಖದ ಬಣ್ಣ ಯಾರ ಅಪ್ಪಣೆಯಿಂದ ಬದಲಾಗುತ್ತದೆ ಎಂಬುದನ್ನಷ್ಟೇ ಹೇಳಬಯಸುತ್ತೇನೆ.

ಕೆಲಸ ನಡೆಯುವ ರೀತಿ ಹೀಗಿದೆ. ನಾಯಕರ ಹುಟ್ಟುಹಬ್ಬಕ್ಕೆ ಎರಡು ದಿನ ಇರುವಾಗ ನಾಲ್ಕೈದು ಹುಡುಗರು ಬೈಕಿನಲ್ಲಿ ಬರುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸುತ್ತಾರೆ. ಕಬ್ಬಿನ ಗದ್ದೆಯ ಬದುವಿನ ಮೇಲೋ, ಯಾರದೋ ಮದುವೆಯ ಊಟದ ಹಾಲಿನಲ್ಲೋ ತೆಗೆದ ಚಿತ್ರ. ನಾನು ಮೊದಲು ಹಿಂಬದಿಯನ್ನು ಕತ್ತರಿಸಿ ತೆಗೆಯುತ್ತೇನೆ, ಆಮೇಲೆ ಮುಖಕ್ಕೆ ಬರುತ್ತೇನೆ. ಆ ಹೊತ್ತಿಗೆ ಬೆನ್ನ ಹಿಂದೆ ನಿಂತವರಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: ‘ಅಣ್ಣನ ಮಕ ವಸಿ ಬೆಳ್ಳಗ್ ಮಾಡ್ಲಾ.’ ಫೋಟೊಶಾಪ್‌ನಲ್ಲಿ ಇದು ಒಂದು ಗೆರೆಯನ್ನು ಮೇಲಕ್ಕೆ ಎಳೆಯುವಷ್ಟೇ ಕೆಲಸ. ಗೆರೆ ಮೇಲೇರಿದಂತೆ ಹಣೆಯ ಮೇಲೆ ಟವೆಲ್ ಸುತ್ತಿ ಸುತ್ತಿ ಬಿದ್ದ ಬಿಸಿಲಿನ ಗುರುತು ಮಾಯವಾಗುತ್ತದೆ, ಕೆನ್ನೆಯ ಮೇಲಿನ ಹಳೆಯ ಗಾಯದ ಕಲೆ ಹೋಗುತ್ತದೆ, ಕೊನೆಗೆ ಕಿವಿ ಮತ್ತು ಕುತ್ತಿಗೆ ಒಬ್ಬ ಮನುಷ್ಯನವೂ ಮುಖ ಮತ್ತೊಬ್ಬನದೂ ಆಗಿಬಿಡುತ್ತವೆ. ಆಗ ಕುತ್ತಿಗೆಗೂ ಅದೇ ಗೆರೆ ಎಳೆಯಬೇಕು. ಎರಡು ವರ್ಷಗಳಲ್ಲಿ ನೂರಾರು ಮುಖಗಳು ನನ್ನ ಕೈಯಲ್ಲಿ ಹಾಗೆ ಬೆಳ್ಳಗಾಗಿವೆ. ಸ್ವಲ್ಪ ಕಪ್ಪಗೆ ಮಾಡು ಎಂದವರನ್ನು ನಾನು ಇದುವರೆಗೆ ಕಂಡಿಲ್ಲ.

ಇದನ್ನು ಬರೀ ಶೋಕಿ ಎಂದು ತಳ್ಳಿಹಾಕಬಹುದಿತ್ತು. ಆದರೆ ಆ ನಾಯಕರು ಊರಿಗೆ ಹೊಸಬರಲ್ಲ. ಅವರಿಗೆ ಮತ ಹಾಕುವವರೆಲ್ಲರೂ ಅವರ ಜೊತೆ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತವರು, ಅವರ ನಿಜವಾದ ಬಣ್ಣವನ್ನು ದಿನವೂ ಕಾಣುವವರು. ಅವರು ಗೆದ್ದದ್ದೇ ‘ನಮ್ಮಂಗೇ ಇರೋ ಮನ್ಸ’ ಎಂಬ ಮಾತಿನಿಂದ. ಗೆದ್ದ ಮರುದಿನ ಅದೇ ಜನರ ಮಕ್ಕಳು ಬಂದು, ಅವರು ನಮ್ಮಂತೆ ಕಾಣದ ಹಾಗೆ ಮಾಡಿಕೊಡು ಎಂದು ಚದರ ಅಡಿಯ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಅಧಿಕಾರ ಎಂದರೆ ನಮ್ಮಿಂದ ದೂರವಾಗುವುದು ಎಂಬ ತಿಳಿವಳಿಕೆಯನ್ನು ಅವರಿಗೆ ಯಾವ ಪಠ್ಯಪುಸ್ತಕವೂ ಕಲಿಸಿಲ್ಲ. ಫ್ಲೆಕ್ಸಿಗೆ ಅದರದೇ ಆದ ವ್ಯಾಕರಣವಿದೆ: ಮೇಲಿನ ಸಾಲಿನಲ್ಲಿ ಪಕ್ಷದ ಹಿರಿಯರು, ನಡುವೆ ಆಳೆತ್ತರದ ಅಣ್ಣ, ಕೆಳಗೆ ‘ಶುಭ ಕೋರುವವರು’ ಎಂಬ ತಲೆಬರಹದಡಿ ಅಂಚೆಚೀಟಿಯಷ್ಟು ಗಾತ್ರದ ಮುಖಗಳ ಸಾಲು. ಗಾತ್ರ ಕಡಿಮೆಯಾದಂತೆ ಬೆಳ್ಳಗೆ ಮಾಡುವ ಶ್ರಮವೂ ಕಡಿಮೆಯಾಗುವುದರಿಂದ ಕೆಳಸಾಲಿನ ಹುಡುಗರು ಮಾತ್ರ ತಮ್ಮ ಸ್ವಂತ ಬಣ್ಣದಲ್ಲಿ ಉಳಿದಿರುತ್ತಾರೆ. ಮಹಿಳಾ ಮೀಸಲಾತಿಯಲ್ಲಿ ಗೆದ್ದ ಗ್ರಾಮ ಪಂಚಾಯಿತಿ ಅಧ್ಯಕ್ಷೆಯೊಬ್ಬರ ಅಭಿನಂದನಾ ಫ್ಲೆಕ್ಸಿನಲ್ಲಿ ಅವರ ಪತಿಯ ಚಿತ್ರವನ್ನು ಅವರಿಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಹಾಕಿಕೊಟ್ಟವನೂ ನಾನೇ.

ಕಳೆದ ಸೆಮಿಸ್ಟರಿನಲ್ಲಿ ನಾಯಕತ್ವ ಮತ್ತು ಜನಾಂಗ ಎಂಬ ವಿಷಯದ ಮೇಲೆ ಒಂದು ಸೆಮಿನಾರ್ ಪ್ರಬಂಧ ಮಂಡಿಸಬೇಕಾಗಿ ಬಂದಾಗ, ಅಮೆರಿಕದ ಎರಡು ನಿಯತಕಾಲಿಕಗಳ ಮುಖಪುಟಗಳು ನನ್ನ ಕಣ್ಣಿಗೆ ಬಿದ್ದವು. 1994ರ ಜೂನ್‌ನಲ್ಲಿ ಒ.ಜೆ. ಸಿಂಪ್ಸನ್ ಎಂಬ ಕಪ್ಪುವರ್ಣೀಯ ಆಟಗಾರ ಕೊಲೆ ಆರೋಪದ ಮೇಲೆ ಬಂಧಿತನಾದಾಗ, ಪೊಲೀಸರು ತೆಗೆದ ಒಂದೇ ಚಿತ್ರವನ್ನು ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಎರಡೂ ಮುಖಪುಟದಲ್ಲಿ ಹಾಕಿದವು. ನ್ಯೂಸ್‌ವೀಕ್‌ನಲ್ಲಿ ಅದು ಇದ್ದಂತೆಯೇ ಇತ್ತು. ಟೈಮ್‌ನಲ್ಲಿ ಮುಖವನ್ನು ಇನ್ನಷ್ಟು ಕಪ್ಪಾಗಿಸಿ, ಸುತ್ತಲೂ ನೆರಳು ಕವಿಸಲಾಗಿತ್ತು. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲಿದ್ದುದರಿಂದ ಓದುಗರಿಗೆ ಮೋಸ ತಕ್ಷಣ ಗೊತ್ತಾಯಿತು, ದೇಶದಲ್ಲೆಲ್ಲ ಗದ್ದಲವೆದ್ದಿತು. ನನ್ನ ಸಹಪಾಠಿಗಳಿಗೆ ಅದು ಮಾಧ್ಯಮ ನೀತಿಯ ಪ್ರಶ್ನೆಯಾಗಿ ಕಂಡಿತು. ನನಗೆ ಕಂಡದ್ದು ಆ ಗೆರೆ. ನಾನು ಮಂಡ್ಯದಲ್ಲಿ ಮೇಲಕ್ಕೆ ಎಳೆಯುವುದನ್ನು ನ್ಯೂಯಾರ್ಕಿನಲ್ಲಿ ಯಾರೋ ಕೆಳಕ್ಕೆ ಎಳೆದಿದ್ದರು. ಗೌರವಕ್ಕೆ ಒಂದು ದಿಕ್ಕು, ಅಪರಾಧಕ್ಕೆ ಇನ್ನೊಂದು ದಿಕ್ಕು ಎಂಬ ಬಗ್ಗೆ ಮಾತ್ರ ಇಬ್ಬರಿಗೂ ಗೊಂದಲವಿರಲಿಲ್ಲ.

ಅದೇ ದೇಶ ಹದಿನಾಲ್ಕು ವರ್ಷಗಳ ನಂತರ, 2008ರ ನವೆಂಬರ್‌ನಲ್ಲಿ, ಬರಾಕ್ ಒಬಾಮ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ವರ್ಣಭೇದ ಮುಗಿಯಿತು ಎಂದು ಸಂಭ್ರಮಿಸಿದವರು ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದರು. ಆದರೆ ಕುರ್ಚಿಯ ಅಧಿಕಾರ ಬೇರೆ, ಆ ಕುರ್ಚಿಯಲ್ಲಿ ಕುಳಿತು ಮಾತಾಡುವ ಅಧಿಕಾರ ಬೇರೆ ಎಂಬುದು ಒಂದು ವರ್ಷದೊಳಗೆ ಗೊತ್ತಾಯಿತು. 2009ರ ಜುಲೈನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಪ್ಪುವರ್ಣೀಯ ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್ ಅವರನ್ನು ಅವರ ಸ್ವಂತ ಮನೆಯಲ್ಲಿಯೇ ಪೊಲೀಸರು ಬಂಧಿಸಿದರು. ಆರೋಗ್ಯ ವಿಮೆಯ ಬಗ್ಗೆ ಕರೆದಿದ್ದ ಪತ್ರಿಕಾಗೋಷ್ಠಿಯ ಕೊನೆಯಲ್ಲಿ ಒಬಾಮ, ಪೊಲೀಸರು ಮೂರ್ಖತನದಿಂದ ವರ್ತಿಸಿದರು ಎಂಬರ್ಥದ ಒಂದು ಮಾತು ಹೇಳಿದರು. ಅಷ್ಟಕ್ಕೇ ಕೋಲಾಹಲವೆದ್ದಿತು. ಎರಡು ದಿನಗಳಲ್ಲಿ ಅವರು ತಮ್ಮ ಪದಗಳನ್ನು ಇನ್ನಷ್ಟು ಎಚ್ಚರದಿಂದ ಆರಿಸಿಕೊಳ್ಳಬೇಕಾಗಿತ್ತೆಂದು ಒಪ್ಪಿಕೊಂಡರು. ತಿಂಗಳ ಕೊನೆಗೆ ಪ್ರಾಧ್ಯಾಪಕರನ್ನೂ ಬಂಧಿಸಿದ ಅಧಿಕಾರಿಯನ್ನೂ ಶ್ವೇತಭವನದ ತೋಟಕ್ಕೆ ಕರೆಸಿ ಬಿಯರ್ ಕುಡಿಸಿ ರಾಜಿ ಮಾಡಿಸಿದರು. ಇಷ್ಟಾದ ಮೇಲೂ, ಅವರು ಅಮೆರಿಕದಲ್ಲಿ ಹುಟ್ಟಿಯೇ ಇಲ್ಲವೆಂಬ ಪುಕಾರು ನಿಲ್ಲದೆ, 2011ರ ಏಪ್ರಿಲ್‌ನಲ್ಲಿ ಹವಾಯಿಯ ಜನನ ಪ್ರಮಾಣಪತ್ರದ ಪೂರ್ಣ ಪ್ರತಿಯನ್ನು ಅವರು ಬಿಡುಗಡೆ ಮಾಡಬೇಕಾಯಿತು. ತಾಲ್ಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕಾಗಿ ಸಾಲಿನಲ್ಲಿ ನಿಂತವರಿಗೆ ಈ ಅವಮಾನ ಎಂಥದೆಂದು ವಿವರಿಸಬೇಕಿಲ್ಲ. ಅವರ ಮುಗುಳ್ನಗೆಯನ್ನು, ತಾಳ್ಮೆಯನ್ನು ಜಗತ್ತು ಕೊಂಡಾಡಿತು. ಸಿಟ್ಟು ಮಾಡಿಕೊಳ್ಳುವ ಸ್ವಾತಂತ್ರ್ಯ ಆ ಮನುಷ್ಯನಿಗೆ ಎಷ್ಟಿತ್ತು ಎಂದು ಕೇಳಿದವರು ಕಡಿಮೆ.

ಈ ಭಾಗವನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮದೇ ಊರಿನ ಒಂದು ಸಭೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಮನುಷ್ಯನ ಮಲವನ್ನು ಮನುಷ್ಯನೇ ತಲೆಯ ಮೇಲೆ ಹೊರುವ ಪದ್ಧತಿಯನ್ನು ಪೌರಾಡಳಿತ ಸಚಿವರಾಗಿ ನಿಷೇಧಿಸಿದ್ದವರು ಅವರು. ಆ ಕೆಲಸಕ್ಕಾಗಿ ಅವರ ಮೆರವಣಿಗೆಯನ್ನೇನೂ ಯಾರೂ ಮಾಡಲಿಲ್ಲ. ಒಂದು ಪದಕ್ಕಾಗಿ ಮಾತ್ರ ರಾಜ್ಯದ ಕಾಲೇಜುಗಳು ಬೀದಿಗಿಳಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ಸಚಿವ ಪದವಿಯನ್ನು ಬಿಡಬೇಕಾಯಿತು. ಬೂಸಾ ಎಂಬುದು ಹಸುವಿಗೆ ದಿನವೂ ಕಲೆಸಿಡುವ ನಮ್ಮ ಕಡೆಯವರಿಗೆ ಬೈಗುಳವೇ ಅಲ್ಲ. ಅದೇ ಮಾತನ್ನು ಮೇಲ್ಜಾತಿಯ ವಿಮರ್ಶಕರೊಬ್ಬರು ಹೇಳಿದ್ದರೆ ಎರಡು ವಾರ ಪತ್ರಿಕೆಗಳಲ್ಲಿ ಚರ್ಚೆಯಾಗಿ ತಣ್ಣಗಾಗುತ್ತಿತ್ತೆಂದೇ ನನ್ನ ಅಭಿಪ್ರಾಯ. ಒಬಾಮ ಬಿಯರ್ ಕುಡಿಸಿ ಪದವಿ ಉಳಿಸಿಕೊಂಡರು, ಬಸವಲಿಂಗಪ್ಪನವರಿಗೆ ಅಂಥ ತೋಟ ಇರಲಿಲ್ಲ. ಆದರೆ ಆ ಗಲಾಟೆಯಿಂದಲೇ ರಾಜ್ಯದ ದಲಿತ ಚಳವಳಿ ಹೊಸ ಕಸುವು ಪಡೆಯಿತೆಂಬುದನ್ನೂ ಇಲ್ಲಿ ಹೇಳಬೇಕು.

ಜಾತಿಯನ್ನೂ ಜನಾಂಗವನ್ನೂ ಹೀಗೆ ಒಂದೇ ಮೊರದಲ್ಲಿ ಹಾಕಿ ಕೇರಬಹುದೇ ಎಂದು ಸೆಮಿನಾರಿನಲ್ಲಿ ನಮ್ಮ ಅಧ್ಯಾಪಕರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಜಾತಿ ಹುಟ್ಟಿದ್ದು ಜನಾಂಗಗಳ ವ್ಯತ್ಯಾಸದಿಂದ ಎಂಬ ವಾದವನ್ನು ಡಾ. ಅಂಬೇಡ್ಕರ್ ಒಪ್ಪಿರಲಿಲ್ಲ. ಹಾಗಿದ್ದೂ 1946ರಲ್ಲಿ ಅವರು ಅಮೆರಿಕದ ಚಿಂತಕ ಡಬ್ಲ್ಯು.ಇ.ಬಿ. ಡುಬೊಯಿಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪುವರ್ಣೀಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿ, ಕಪ್ಪುವರ್ಣೀಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದರು. 1959ರಲ್ಲಿ ಭಾರತಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೇರಳದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ದಲಿತ ಮಕ್ಕಳಿಗೆ ಪರಿಚಯಿಸುತ್ತಾ, ಅಮೆರಿಕದಿಂದ ಬಂದ ನಿಮ್ಮಂಥ ಒಬ್ಬ ಅಸ್ಪೃಶ್ಯ ಎಂದಿದ್ದರು. ಮೊದಲು ಆಘಾತವಾಯಿತು, ಆಮೇಲೆ ಯೋಚಿಸಿದಾಗ ಹೌದು, ನಾನೂ ಅಸ್ಪೃಶ್ಯನೇ ಅನ್ನಿಸಿತು ಎಂದು ಕಿಂಗ್ ಅವರೇ ವರ್ಷಗಳ ನಂತರ ತಮ್ಮ ಚರ್ಚಿನಲ್ಲಿ ಹೇಳಿಕೊಂಡರು. ಎರಡರ ಬೇರು ಬೇರೆಯಾದರೂ ಫಲದ ರುಚಿಯನ್ನು ಉಂಡವರು ಗುರುತಿಸಿಕೊಂಡಿದ್ದರು ಎಂಬಷ್ಟೇ ಉತ್ತರ ನನ್ನಲ್ಲಿತ್ತು. ಇನ್ನು ಮೈಬಣ್ಣವನ್ನೂ ಜಾತಿಯನ್ನೂ ಒಟ್ಟಿಗೆ ಕಟ್ಟುವ ಗಾದೆಗಳು ನಮ್ಮಲ್ಲಿಯೂ ಇವೆ. ಅವನ್ನು ಇಲ್ಲಿ ಬರೆದು ಮತ್ತೆ ಚಲಾವಣೆಗೆ ಬಿಡುವ ಇಚ್ಛೆ ನನಗಿಲ್ಲ.

ಸ್ವಾರಸ್ಯವೆಂದರೆ ನಮ್ಮ ಹಳ್ಳಿಗಳ ಹಿಂದಿನ ತಲೆಮಾರಿಗೆ ಈ ನಾಚಿಕೆ ಇಷ್ಟಿರಲಿಲ್ಲ. ನನ್ನ ಮುತ್ತಾತನ ಹೆಸರು ಕರೀಗೌಡ, ಅವರ ತಮ್ಮನ ಹೆಸರು ಕೆಂಪೇಗೌಡ. ಕರಿಯಪ್ಪ, ಕಾಳಮ್ಮ, ಕೆಂಪಮ್ಮ, ಬಿಳಿಗೌಡ ಎಂದು ಇದ್ದ ಬಣ್ಣವನ್ನೇ ಹೆಸರಾಗಿಟ್ಟು ತೊಟ್ಟಿಲು ತೂಗಿದ ಊರುಗಳು ಇವು. ಕೃಷ್ಣ ಎಂದರೇ ಕಪ್ಪು ಎಂದು ಅರ್ಥ. ಕರಿಕಲ್ಲಿನ ಮೂರ್ತಿಯ ಮುಂದೆ ನಿಂತು ಎಂಥ ಚೆಲುವ ಎಂದು ಕೈಮುಗಿಯುವ ನಾವೇ, ಹೆಣ್ಣು ನೋಡಲು ಹೋಗಿ ಬಂದು ‘ಕಪ್ಪಗಿದ್ರೂ ಲಕ್ಷಣವಾಗವ್ಳೆ’ ಎನ್ನುತ್ತೇವೆ. ಆ ‘ಇದ್ರೂ’ ಎಲ್ಲಿಂದ ಬಂದು ಸೇರಿತೋ! ಈಗ ಕರೀಗೌಡರ ಮರಿಮಗ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತಿದ್ದಾನೆ.

ನನ್ನ ತಪ್ಪನ್ನು ನನಗೆ ತೋರಿಸಿದವರು ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ, ಪೂರ್ವ ಆಫ್ರಿಕಾದ ದೇಶವೊಂದರ ಹಿರಿಯ ವಿದ್ಯಾರ್ಥಿ. ಕಳೆದ ವರ್ಷ ಮೇ 25ರ ಆಫ್ರಿಕಾ ದಿನಕ್ಕೆ ಅವರಿಗೂ ಅವರ ಗೆಳೆಯರಿಗೂ ಒಂದು ಸಣ್ಣ ಬ್ಯಾನರ್ ಬೇಕಾಗಿತ್ತು. ಕಡಿಮೆ ದರದಲ್ಲಿ ಮಾಡಿಸಿಕೊಡುತ್ತೇನೆಂದು ನಾನೇ ಮಂಡ್ಯಕ್ಕೆ ಕರೆದೊಯ್ದೆ. ರೈಲಿನಲ್ಲಿ ಎದುರಿನ ಸೀಟಿನ ಮಗು ಅವರನ್ನೇ ದಿಟ್ಟಿಸುತ್ತಿತ್ತು. ಅದರ ತಾಯಿ ಮಗುವಿನ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು. ನನ್ನ ಜೊತೆಗಿದ್ದ ಆ ಹಿರಿಯ ವಿದ್ಯಾರ್ಥಿ ಏನೂ ಆಗದವರಂತೆ ಶ್ರೀರಂಗಪಟ್ಟಣದ ಬಳಿ ಹೊಳೆಯನ್ನು ನೋಡುತ್ತಾ ಕುಳಿತರು. ಅಂಗಡಿಯಲ್ಲಿ ಅವರ ಚಿತ್ರವನ್ನು ತೆರೆದು, ಹಿಂಬದಿಯನ್ನು ಕತ್ತರಿಸಿ, ಮಾತಾಡುತ್ತಲೇ ಆ ಗೆರೆಯನ್ನು ಮೇಲಕ್ಕೆ ಎಳೆದುಬಿಟ್ಟೆ. ಯಾರೂ ಹೇಳಿರಲಿಲ್ಲ, ಕೈ ತಾನಾಗಿಯೇ ಹೋಗಿತ್ತು. ಅವರು ಸಿಟ್ಟಾಗಲಿಲ್ಲ. ಈಗ ನೀವು ಒತ್ತಿದ್ದು ಯಾವ ಗುಂಡಿ ಎಂದಷ್ಟೇ ಕೇಳಿದರು. ತೋರಿಸಿದೆ. ಅದನ್ನು ವಾಪಸ್ ಮಾಡಲು ಯಾವುದು ಎಂದರು. ಅದನ್ನೂ ತೋರಿಸಿದೆ. ತಾವೇ ಬಗ್ಗಿ ಆ ಗುಂಡಿ ಒತ್ತಿ, ಪರದೆಯ ಮೇಲೆ ತಮ್ಮ ಮುಖ ಹಿಂದಿರುಗಿದ್ದನ್ನು ನೋಡಿ, ಕುರ್ಚಿ ಎಳೆದುಕೊಂಡು ಕುಳಿತರು. ಬ್ಯಾನರ್ ಅಚ್ಚಾಗುವವರೆಗೂ ಮೈಸೂರಿನ ಬಿಸಿಲಿನ ವಿಷಯ ಬಿಟ್ಟು ನಾವು ಬೇರೇನನ್ನೂ ಮಾತಾಡಲಿಲ್ಲ.

ಚಿತ್ರವನ್ನು ತಿದ್ದುವುದೆಂದರೆ ಬರೀ ಬಣ್ಣ ತಿದ್ದುವುದಲ್ಲವೆಂದು ಆಮೇಲೆ ಅರಿವಾಯಿತು. ಮಂಡ್ಯದಲ್ಲಿ ನಾನು ಅತಿ ಹೆಚ್ಚು ಸಲ ಜೋಡಿಸಿರುವ ಎರಡು ಚಿತ್ರಗಳೆಂದರೆ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರದು. ಹಿಂದೆ ಕನ್ನಂಬಾಡಿ ಕಟ್ಟೆ, ಮುಂದೆ ಇಬ್ಬರೂ ಅಕ್ಕಪಕ್ಕ. ನಾಲೆಯ ನೀರುಂಡ ಜಿಲ್ಲೆಗೆ ಈ ಕೃತಜ್ಞತೆ ಸಹಜವಾದದ್ದು, ನನಗೂ ಅದು ಇದೆ. ಆದರೆ ಈ ಇಬ್ಬರ ದಾರಿಗಳು ಅಗಲಿದ್ದಕ್ಕೆ ಒಂದು ಮುಖ್ಯ ಕಾರಣ ಅಧಿಕಾರದಲ್ಲಿ ಯಾರ ಮುಖ ಕಾಣಬೇಕು ಎಂಬ ಪ್ರಶ್ನೆಯೇ ಎಂಬುದು ಯಾವ ಫ್ಲೆಕ್ಸಿನಲ್ಲಿಯೂ ಇರುವುದಿಲ್ಲ. 1917ರಲ್ಲಿ ಹುಟ್ಟಿದ, ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರು, ಸರ್ಕಾರದ ಹುದ್ದೆಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆ ಎಂದು ಮಹಾರಾಜರಿಗೆ ಅಹವಾಲು ಸಲ್ಲಿಸಿದರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂದು ನಂಬಿದ್ದ, ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷದ ಕೊನೆಗೆ ಅವರು ಪದವಿಯಿಂದ ಹೊರಬಂದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಾಗದಂತೆ ಬ್ರಾಹ್ಮಣೇತರರು ಇರಬೇಕೆಂದು 1919ರಲ್ಲಿ ಸಮಿತಿ ವರದಿ ಕೊಟ್ಟಿತು. ಕರೀಗೌಡರ ವಂಶದವನೊಬ್ಬ ವಿಶ್ವವಿದ್ಯಾಲಯದಲ್ಲಿ ಕುಳಿತು ಈ ಪತ್ರ ಬರೆಯುತ್ತಿರುವುದರ ಹಿಂದೆ ಕಟ್ಟೆಯ ನೀರಿನಷ್ಟೇ ಆ ಕಾಗದವೂ ಇದೆ. ಇಬ್ಬರೂ ದೊಡ್ಡವರೇ, ಜಗಳವೂ ದೊಡ್ಡದೇ. ಜಗಳವನ್ನು ಅಳಿಸಿ ಇಬ್ಬರನ್ನೂ ನಗಿಸಿ ನಿಲ್ಲಿಸಿದಾಗ, ಅವರವರ ನಿಲುವಿಗೆ ಅವರು ತೆತ್ತ ಬೆಲೆಯೂ ಅಳಿಸಿಹೋಗುತ್ತದೆ.

ತಮ್ಮಲ್ಲಿ ನನ್ನ ಒಂದು ವಿನಂತಿ ಇದೆ. ಸ್ಥಳೀಯ ನಾಯಕರ ಸುದ್ದಿಯೊಂದಿಗೆ ಬರುವ ಚಿತ್ರಗಳಲ್ಲಿ ಕೆಲವನ್ನಾದರೂ ಅವರ ಬೆಂಬಲಿಗರೇ ಕಳಿಸಿಕೊಡುತ್ತಾರೆ. ಅವುಗಳಲ್ಲಿ ನಮ್ಮ ಅಂಗಡಿಯಂಥ ಕಡೆಗಳಲ್ಲಿ ತಯಾರಾದವೂ ಇರುತ್ತವೆ. ನಾನೇ ಬೆಳ್ಳಗೆ ಮಾಡಿದ ಮುಖವೊಂದನ್ನು ಮರುವಾರ ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ಕಂಡು ಬೆಚ್ಚಿದ್ದೇನೆ. ಜಾಹೀರಾತು ಕೊಟ್ಟವರ ಇಷ್ಟ ಎಂದು ಹುಟ್ಟುಹಬ್ಬದ ಪುಟಗಳನ್ನು ಬಿಟ್ಟರೂ, ಸುದ್ದಿಯ ಪುಟದಲ್ಲಿ ತಮ್ಮ ಛಾಯಾಗ್ರಾಹಕರು ತೆಗೆದ ಚಿತ್ರವೇ, ತೆಗೆದ ಬಣ್ಣದಲ್ಲಿಯೇ ಬರಲಿ. ಫ್ಲೆಕ್ಸಿನಲ್ಲಿರುವುದು ಪ್ರಚಾರ ಎಂದು ಓದುಗರು ರಿಯಾಯಿತಿ ಕೊಡುತ್ತಾರೆ, ಪತ್ರಿಕೆಯಲ್ಲಿ ಬಂದದ್ದನ್ನು ನಿಜವೆಂದು ಎತ್ತಿಟ್ಟುಕೊಳ್ಳುತ್ತಾರೆ.

ಈ ತಿಂಗಳ 14ರ ಅಂಬೇಡ್ಕರ್ ಜಯಂತಿಗೆ ಮೊದಲಿನ ಭಾನುವಾರ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಮಂಡ್ಯದ ಪಕ್ಕದ ಊರಿನಿಂದ ಹುಡುಗರು ಬಂದಿದ್ದರು. ನಮ್ಮ ಕಂಪ್ಯೂಟರಿನಲ್ಲಿದ್ದ ಬಾಬಾಸಾಹೇಬರ ಚಿತ್ರ ಎಲ್ಲೆಡೆಯಂತೆ ನೀಲಿ ಕೋಟು, ಗುಲಾಬಿ ಕೆನ್ನೆಯದು. ಅದನ್ನು ಬದಿಗಿಟ್ಟು, ಹಳೆಯ ಕಪ್ಪು ಬಿಳುಪಿನ ಚಿತ್ರವೊಂದನ್ನು ತೆಗೆದುಕೊಂಡು ನಾನೇ ಬಣ್ಣ ತುಂಬಿದೆ. ಕಪ್ಪು ಬಿಳುಪಿನಲ್ಲಿ ನಿಜವಾದ ಬಣ್ಣ ಯಾವುದೆಂದು ಯಂತ್ರ ಹೇಳುವುದಿಲ್ಲ, ತುಂಬುವವನೇ ಆರಿಸಬೇಕು. ನಾನು ಎಣ್ಣೆಗೆಂಪಿನ ಹತ್ತಿರ ನಿಲ್ಲಿಸಿ, ಕಣ್ಣ ಕೆಳಗಿನ ದಣಿವನ್ನು ಹಾಗೆಯೇ ಉಳಿಸಿದೆ. ಹುಡುಗರು ಬಹಳ ಹೊತ್ತು ನೋಡಿದರು. ಒಬ್ಬ, ‘ನಮ್ ದೊಡ್ಡಪ್ಪ ಕಂಡಂಗಾಯ್ತು, ಇಂಗೇ ಇರ್ಲಿ ಬುಡು’ ಎಂದ. ಇನ್ನೊಬ್ಬ ಒಪ್ಪಲಿಲ್ಲ: ‘ಬೇರೆಯೋರ್ ಅಣ್ಣಂದ್ರೆಲ್ಲ ಬೆಳ್ಳಗೆ ಮಿಂಚ್ತಾ ಅವ್ರೆ. ನಮ್ ಬಾಬಾಸಾಹೇಬ್ರು ಮಾತ್ರ ಯಾಕಣ್ಣ ಕಪ್ಪಗಿರ್ಬೇಕು?’ ಅವನಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಅರ್ಧ ಗಂಟೆಯ ವಾಗ್ವಾದದ ನಂತರ ಅವರು ಎರಡನ್ನೂ ಅಚ್ಚು ಹಾಕಿಸಿ, ರೀಪರಿನ ಚೌಕಟ್ಟಿಗೆ ಹೊಡೆಸಿಕೊಂಡು ಗೂಡ್ಸ್ ಆಟೊದಲ್ಲಿ ಒಯ್ದರು. ಒಂದು ಕೇರಿಯ ಬಾಗಿಲಿಗೆ, ಇನ್ನೊಂದು ಬಸ್ ನಿಲ್ದಾಣದ ಎದುರಿಗೆ ಎಂದು ಮಾತಾಡಿಕೊಳ್ಳುತ್ತಿದ್ದರು. ಯಾವುದು ಎಲ್ಲಿಗೆ ಎಂಬುದು ಆಟೊ ಹೊರಡುವವರೆಗೂ ತೀರ್ಮಾನವಾಗಿರಲಿಲ್ಲ.

ಅಂಗಡಿಯ ಮಾಲೀಕರ ಹೊಟ್ಟೆಪಾಡಿನ ದೃಷ್ಟಿಯಿಂದ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ರಾಜ್ಯಶಾಸ್ತ್ರ ಸ್ನಾತಕೋತ್ತರ ವಿದ್ಯಾರ್ಥಿ,
ಮಾನಸಗಂಗೋತ್ರಿ, ಮೈಸೂರು